ಮಡಿಲಲ್ಲಿದ್ದ ಮೂರು ಫ್ಯೂಸು

ಕರೆಂಟು ಹೋದರೆ ಯಾರನ್ನು ಬಯ್ಯಬೇಕೆಂದು ಹೆಸರು ಹಿಡಿದು ಗೊತ್ತಿದ್ದ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಪ್ಪ ಸೀಮೆಯ ನಾರ್ವೆಯಿಂದ ಒಳಗೆ ಮೂರು ಮೈಲಿ ಹೋದರೆ ಸಿಗುವ ನಮ್ಮ ಸುಳಿಗದ್ದೆಗೆ ದೀಪ ತಂದದ್ದು ಸಂಘ. ಸುತ್ತಲಿನ ಏಳೆಂಟು ಊರಿನವರು ಸೇರಿ ಕಟ್ಟಿಕೊಂಡ ವಿದ್ಯುತ್ ಸಹಕಾರ ಸಂಘ. ಕೊಪ್ಪದ ಕಡೆಯಿಂದ ಬರುವ ದೊಡ್ಡ ಲೈನಿನಿಂದ ಕರೆಂಟು ಕೊಂಡು ಮನೆಮನೆಗೆ ಹಂಚುವುದು ಅದರ ಕೆಲಸ. ಕಂಬಕ್ಕೆ ಗುಂಡಿ ತೋಡಿದವರು ಊರವರೇ, ತಂತಿಯ ಸುರುಳಿಯನ್ನು ಗುಡ್ಡದ ಮೇಲೆ ಉರುಳಿಸಿಕೊಂಡು ಹೋದವರೂ ಊರವರೇ. ಆದ್ದರಿಂದ ದೀಪ ಆರಿದರೆ "ಸಂಘ ಮಲಗ್ತು" ಎನ್ನುತ್ತಿದ್ದರು. ಮತ್ತೆ ಹೊತ್ತಿದರೆ "ಡೀಕ ಬಂದ" ಎನ್ನುತ್ತಿದ್ದರು.

ಡೀಕಯ್ಯ ನಮ್ಮ ಭಾಗದ ಲೈನ್‌ಮನ್. ಅಷ್ಟೂ ಊರಿಗೆ ಅವನೊಬ್ಬನೇ. ಖಾಕಿ ಚಡ್ಡಿ, ಹೆಗಲಿಗೆ ಗೋಣಿಚೀಲ, ಸೈಕಲ್ಲಿನ ಹಿಂದೆ ಸುರುಳಿ ಸುತ್ತಿದ ಹಗ್ಗ. ಮಕ್ಕಳಿಗೆಲ್ಲ ಅವನು ಡೀಕಣ್ಣ. ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ತಂತಿ ಹಿಡಿದು, ಕಟಾರನೆ ತಿರುಗಿಸಿ, ಮಲ್ಲಿಗೆ ಮೊಗ್ಗಿನಷ್ಟು ಸಣ್ಣ ಗಂಟು ಹಾಕುತ್ತಿದ್ದ. ನಮ್ಮ ಹೋಟ್ಲಿನ ಬೆಂಚಿನ ಮೇಲೆ ಕೂತು ಉಳಿದ ತುಂಡುತಂತಿಯಲ್ಲಿ ನನಗೆ ಬಳೆ, ಸೈಕಲ್ಲು, ಒಮ್ಮೆ ಒಂದು ನವಿಲನ್ನೂ ಮಾಡಿಕೊಟ್ಟಿದ್ದ. ಆ ಕೈಯ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಆಗುವುದಿಲ್ಲ.

ನಮ್ಮದು ಹೋಟ್ಲು ಅಂದರೆ ಹೋಟ್ಲು ಅಲ್ಲ. ರಸ್ತೆಯ ತಿರುವಿನಲ್ಲಿ ಹೆಂಚಿನ ಮಾಡು, ಎರಡು ಬೆಂಚು, ಒಂದು ಗಾಜಿನ ಡಬ್ಬಿ. ಬೇಸಿಗೆಯಲ್ಲಿ ಅಪ್ಪಯ್ಯ ಮದುವೆ ಅಡುಗೆಗೆಂದು ಊರೂರು ತಿರುಗುತ್ತಿದ್ದ. ಅಮ್ಮನೇ ಒಲೆಯ ಮುಂದೆ. ಎದುರಿಗೆ ಹಸನಬ್ಬ ಸಾಬ್ರ ಜಿನಸಿನ ಅಂಗಡಿ. ಎರಡರ ನಡುವೆ, ರಸ್ತೆಯ ಪಕ್ಕ, ಟ್ರಾನ್ಸ್‌ಫಾರ್ಮರು. ಬಿಸಿಲೇರಿದಂತೆ ಅದರಿಂದ ಕಾದ ಎಣ್ಣೆಯ ವಾಸನೆ ಬರುತ್ತಿತ್ತು. ಅಮ್ಮನ ಬಾಣಲೆಯ ವಾಸನೆ ಬೇರೆ, ಇದು ಬೇರೆ. ಎರಡನ್ನೂ ಕಣ್ಣು ಮುಚ್ಚಿಯೂ ಹೇಳುತ್ತಿದ್ದೆ. ಅದರ 'ಗುಂಯ್' ಸದ್ದು ಕೇಳಿಯೇ ನಾನು ಬೆಳೆದದ್ದು.

ಟ್ರಾನ್ಸ್‌ಫಾರ್ಮರಿನ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಳಿ ಪಿಂಗಾಣಿಯ ಮೂರು ಫ್ಯೂಸುಗಳಿದ್ದವು. ಅವನ್ನು ಕಿತ್ತರೆ ಊರಿನ ಅಷ್ಟೂ ತಂತಿ ಸತ್ತಂತೆ. ಕಂಬ ಹತ್ತುವ ಮೊದಲು ಡೀಕಣ್ಣ ಆ ಮೂರನ್ನೂ ಕಿತ್ತು, ಕೆಳಗೆ ಇದ್ದ ಒಬ್ಬರ ಮಡಿಲಲ್ಲಿ ಇಡುತ್ತಿದ್ದ. ಇದು ಸಂಘದ ಪದ್ಧತಿ. ಯಾವ ಪುಸ್ತಕದಲ್ಲೂ ಬರೆದದ್ದಲ್ಲ. ಹಿಂದೊಮ್ಮೆ ಬಾಳೆಹೊನ್ನೂರು ರಸ್ತೆಯಲ್ಲಿ ಒಬ್ಬ ಲೈನ್‌ಮನ್ ಫ್ಯೂಸು ಕಿತ್ತು ಪೆಟ್ಟಿಗೆಯ ಮೇಲೇ ಇಟ್ಟು ಹೋಗಿದ್ದನಂತೆ. ದಾರಿಹೋಕನೊಬ್ಬ ಪಾಪ ಬಿದ್ದುಹೋಗಿದೆ ಎಂದು ತಿಳಿದು ಉಪಕಾರಕ್ಕೆ ತಿರುಗಿ ಸಿಕ್ಕಿಸಿದ. ಮೇಲಿದ್ದವನು ಪುಣ್ಯಕ್ಕೆ ಉಳಿದ. ಅದಾದ ಮೇಲೆ ಊರವರು ಕೂತು ಮಾತಾಡಿ ತೀರ್ಮಾನಿಸಿದ್ದು ಎರಡೇ ಮಾತು: ಕಿತ್ತವನೇ ಬಂದು ತಗೊಳ್ಳಬೇಕು, ಇಟ್ಟುಕೊಂಡವರು ಅಲ್ಲಿಯವರೆಗೆ ಏಳಬಾರದು.

"ಗಂಡಸರ ಕೈಲಿ ಕೊಟ್ರೆ ಬೀಡಿ ಹಚ್ಕೊಳ್ಳೋಕೆ ಎದ್ದು ಹೋಗ್ತಾರೆ, ಹೆಂಗಸರು ಹಾಲು ಉಕ್ಕಿತು ಅಂತ ಓಡ್ತಾರೆ" ಎನ್ನುತ್ತಿದ್ದ ಡೀಕಣ್ಣ. "ಈ ಕೂಸು ಮಾತ್ರ ಸುಬ್ರಾಯ ದೇವರ ಹುತ್ತದ ಹಾಗೆ ಕೂತಿರ್ತದೆ."

ಹಾಗಾಗಿ ಎರಡು ವರ್ಷದಿಂದ ಆ ಕೆಲಸ ನನ್ನದಾಗಿತ್ತು. ನನಗೆ ಹತ್ತು ವರ್ಷ. ಫ್ಯೂಸುಗಳು ಬಿಸಿಯಾಗಿರುತ್ತಿದ್ದವು, ಆಗ ತಾನೆ ಇಟ್ಟ ಮೊಟ್ಟೆಯ ಹಾಗೆ. ಲಂಗದ ಮೇಲೆ ಅವುಗಳ ಭಾರ ಬಿದ್ದೊಡನೆ ಊರೇ ಬಂದು ನನ್ನ ತೊಡೆಯ ಮೇಲೆ ಕೂತಂತೆ ಅನ್ನಿಸಿ ಬೆನ್ನು ನೆಟ್ಟಗಾಗುತ್ತಿತ್ತು. ಟ್ರಾನ್ಸ್‌ಫಾರ್ಮರು ಮಾತ್ರ ಫ್ಯೂಸು ಕಿತ್ತರೂ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಅದಕ್ಕೆ ನಾಚಿಕೆಯಿಲ್ಲ ಎಂದು ಅಮ್ಮ ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ನನ್ನ ಹತ್ತಿರ ಒಂದು ಗುಟ್ಟಿತ್ತು.

ಊರಿನ ಅಕ್ಕಿಮಿಲ್ಲು ಶೀನಪ್ಪ ಹೆಗ್ಡೇರದು. ಅವರು ಸಂಘದ ನಿರ್ದೇಶಕರಲ್ಲಿ ಒಬ್ಬರು; ನಮ್ಮೂರಿಗೆ ಕಂಬ ಬರಲು ಓಡಾಡಿದವರು. ಅವರ ಕಿರಿಯ ಮಗಳು ಸುಮಾ ನನ್ನ ತರಗತಿ. ಇಬ್ಬರೂ ಐದನೆಯದು ಮುಗಿಸಿದ್ದೆವು. ದಿನವೂ ಮಧ್ಯಾಹ್ನ ನಮ್ಮ ಹೋಟ್ಲಿನ ಜಗಲಿಯಲ್ಲಿ ಐದು ಕಲ್ಲಿನ ಆಟ ಆಡುತ್ತಿದ್ದೆವು. ಒಂದು ದಿನ ಅವಳು ಕಲ್ಲು ಹಾರಿಸುವುದನ್ನು ಬಿಟ್ಟು ನನ್ನ ಕಿವಿಗೆ ಬಾಯಿಟ್ಟಳು.

"ಯಾರ ಹತ್ರನೂ ಹೇಳ್ಬಾರ್ದು. ದೇವರಾಣೆ?"

"ದೇವರಾಣೆ."

"ನಮ್ಮನೇಲಿ ಜನರೇಟರು ಬಂದಿದೆ. ಅಕ್ಕನ ಮದುವೆಗೆ."

ಮನೆಗೆ ತಾಗಿಯೇ ಇದ್ದ ಮಿಲ್ಲಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದಳು. ತೌಡಿನ ಧೂಳಿನ ನಡುವೆ, ಗೋಣಿ ಹೊದ್ದು, ಕರು ಮಲಗಿದ ಹಾಗೆ ಇತ್ತು. ಹಿಂದಿನ ವರ್ಷ ಊರಿನ ಒಂದು ಮದುವೆಯಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ದೀಪ ಹೋಗಿ, ಬೀಗರು ತಮಾಷೆ ಮಾಡಿದ್ದರು. ಹೆಗ್ಡೇರಿಗೆ ಆ ಭಯ. ಆದರೆ ಸಂಘದ ನಿರ್ದೇಶಕರೇ ಜನರೇಟರು ತಂದರೆಂದು ಗೊತ್ತಾದರೆ ಜನ ಸುಮ್ಮನಿರುತ್ತಾರೆಯೆ? "ಹೆಗ್ಡೇರೆ, ನಿಮ್ ಸಂಘದ ಮೇಲೆ ನಿಮಗೇ ನಂಬಿಕೆ ಇಲ್ವನಾ?" ಎಂದು ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳುತ್ತಾರೆ. ಅದಕ್ಕೇ ಗೋಣಿ. ಅದಕ್ಕೇ ದೇವರಾಣೆ. ಹತ್ತು ವರ್ಷದವಳಿಗೆ ದೊಡ್ಡವರ ಗುಟ್ಟು ಸಿಗುವುದೆಂದರೆ ಸಣ್ಣ ಸುಖವಲ್ಲ. ಎರಡು ದಿನ ನಾನು ಅದನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡು ಓಡಾಡಿದೆ.

ಮೂರನೆಯ ದಿನ ಲೈನು ಸವರುವ ದಿನ.

ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ಕೊನೆಗೆ, ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿಯಬೇಕು. ಇಲ್ಲದಿದ್ದರೆ ಮೊದಲ ಗಾಳಿಗೇ ಸಂಘ ಮಲಗುತ್ತದೆ. ಸದಸ್ಯರ ಮನೆಗೊಬ್ಬರಂತೆ ಕತ್ತಿ ಹಿಡಿದು ಬರುತ್ತಿದ್ದರು. ಅಮ್ಮ ಅವತ್ತು ಬೆಳಗಿನ ಜಾವವೇ ಎದ್ದು ಅವಲಕ್ಕಿಗೆ ಒಗ್ಗರಣೆ ಹಾಕಿ, ದೊಡ್ಡ ಕೊಳಗದ ತುಂಬ ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕಿದ್ದಳು. ರಸ್ತೆಯುದ್ದಕ್ಕೂ ಹಸಿ ಕೊಂಬೆಗಳ ವಾಸನೆ, ಹಲಸಿನ ಹಾಲಿನ ಅಂಟು. ಕೊಂಬೆ ಬಿದ್ದಾಗಲೆಲ್ಲ ಎಲೆಗೂಡಿನಿಂದ ಚಗಳಿ ಉದುರುತ್ತಿತ್ತು. ಆ ಕೆಂಪಿರುವೆ ಅಂಗಿಯೊಳಗೆ ಹೊಕ್ಕರೆ ಎಂಥ ಗಂಭೀರ ಮನುಷ್ಯನೂ ಕುಣಿಯಲೇಬೇಕು. ಒಬ್ಬೊಬ್ಬರು ಕುಣಿದಾಗಲೂ ಉಳಿದವರು ಕೇಕೆ ಹಾಕುತ್ತಿದ್ದರು. ಹಸನಬ್ಬ ಸಾಬ್ರು ಅಂಗಡಿಯ ಬಾಗಿಲಲ್ಲಿ ನಿಂತು, "ಯಕ್ಷಗಾನಕ್ಕೆ ಟಿಕೇಟು ಇಡ್ಬೇಕಿತ್ತು ಮಾರಾಯ್ರೆ" ಎಂದರು.

ಡೀಕಣ್ಣ ಫ್ಯೂಸು ಕಿತ್ತು ತಂದು ನನ್ನ ಮಡಿಲಿಗೆ ಹಾಕಿದ. ಪ್ರತಿ ಸಲದಂತೆ, "ಎಣಿಸು" ಎಂದ.

"ಒಂದು, ಎರಡು, ಮೂರು."

"ಯಾರಿಗೆ ಕೊಡ್ತೆ?"

"ನಿಂಗೇ."

"ರಾಜ ಬಂದ್ರೆ?"

"ನಿಂಗೇ."

"ನಿಮ್ಮಮ್ಮ ಬೆನ್ನಿಗೆರಡು ಬಾರ್ಸಿದ್ರೆ?"

"ನಿಂಗೇ!" ಎಂದು ಕೂಗಿದೆ. ಬೆಂಚಿನ ಮೇಲಿದ್ದವರು ನಕ್ಕರು.

ಸಂಘದ ಕಾರ್ಯದರ್ಶಿ ಅನಂತಯ್ಯನವರೂ ಅವತ್ತು ಛತ್ರಿ ಹಿಡಿದುಕೊಂಡು ಬಂದಿದ್ದರು. "ಡೀಕ, ಆ ಸರಪಳಿ ಹಾಕೋದಿಲ್ವನೋ?" ಎಂದು ಕೇಳಿದರು. ತಪ್ಪಿ ಕರೆಂಟು ಬಂದರೂ ಅದು ನೆಲಕ್ಕೆ ಇಳಿದುಹೋಗಲೆಂದು ತಂತಿಗೂ ನೆಲಕ್ಕೂ ಕಟ್ಟುವ ಒಂದು ಉದ್ದದ ಸರಪಳಿ ಡೀಕಣ್ಣನ ಚೀಲದಲ್ಲಿ ಸದಾ ಇರುತ್ತಿತ್ತು. ಭಾರವಾದದ್ದು, ಕಟ್ಟಿ ಬಿಚ್ಚುವುದಕ್ಕೇ ಅರ್ಧ ಗಂಟೆ.

"ಕೂಸಿನ ಮಡಿಲಿಗಿಂತ ದೊಡ್ಡ ಸರಪಳಿ ಯಾವ್ದು ಅಯ್ಯ" ಎಂದ ಅವನು, ಬಿದಿರೇಣಿ ಹೆಗಲಿಗೇರಿಸಿಕೊಂಡು.

ಈ ಮಾತನ್ನು ನಾನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅವನು ಹೇಳಿದ್ದು ಒಂದೇ ಸಲ.

ಅಂಗಡಿಯಿಂದ ಮೂರನೆಯ ಕಂಬದಲ್ಲಿ ತಂತಿ ಕೂರಿಸುವ ಒಂದು ಪಿಂಗಾಣಿ ಬಟ್ಟಲು ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಲು ಹತ್ತಿದ. ಮೊದಲು ಬೆರಳ ಹಿಂಬದಿಯಿಂದ ತಂತಿಯನ್ನು ಮುಟ್ಟಿ ನೋಡಿದ, ಯಾವಾಗಲೂ ನೋಡುವ ಹಾಗೆ. ಸತ್ತಿತ್ತು. ಹಗ್ಗವನ್ನು ಸೊಂಟಕ್ಕೂ ಕಂಬಕ್ಕೂ ಸುತ್ತಿ ಕಟ್ಟಿ, ಎರಡೂ ಕೈ ಬಿಟ್ಟು ಆರಾಮಾಗಿ ಕೆಲಸಕ್ಕೆ ತೊಡಗಿದ. ಕೆಳಗೆ ಕತ್ತಿಗಳ ಸದ್ದು. ಅಮ್ಮ ಲೋಟಗಳನ್ನು ಜೋಡಿಸುತ್ತಿದ್ದಳು. ನನ್ನ ತಲೆಯ ಮೇಲೆ, ಮಾಡಿನ ಜಂತಿಯಿಂದ ನಮ್ಮ ಹೋಟ್ಲಿನ ಒಂಟಿ ಬಲ್ಬು ಇಳಿಬಿದ್ದಿತ್ತು. ಅದರ ಸ್ವಿಚ್ಚು ಹಾಕಿಯೇ ಇತ್ತು. ಕರೆಂಟು ಹೋದಾಗ ನಮ್ಮೂರಲ್ಲಿ ಯಾರೂ ಸ್ವಿಚ್ಚು ಆರಿಸುತ್ತಿರಲಿಲ್ಲ. ಬಂದದ್ದು ಗೊತ್ತಾಗುವುದು ಹೇಗೆ?

ಆಗ ಮಿಲ್ಲಿನ ಕಡೆಯಿಂದ 'ಡುಗುಡುಗು' ಎಂಬ ಸದ್ದು ಶುರುವಾಯಿತು.

ಯಾರೂ ತಲೆಯೆತ್ತಲಿಲ್ಲ. ಕರೆಂಟಿಲ್ಲದ ದಿನ ಹೆಗ್ಡೇರು ಹಳೆಯ ಡೀಸೆಲ್ ಎಂಜಿನ್ನಿನಿಂದ ಭತ್ತ ಕುಟ್ಟಿಸುವುದು ಇತ್ತಲ್ಲ, ಅದೇ ಇರಬೇಕೆಂದು ಕೇಳಿದವರು ತಿಳಿದರು. ಅದು ಅಲ್ಲ ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಗೊತ್ತಿದ್ದು ನಾನು ಮಾಡಿದ್ದೇನೆಂದರೆ, ಒಳಗೊಳಗೇ ನಕ್ಕದ್ದು.

ಸ್ವಲ್ಪ ಹೊತ್ತಿಗೆ ಸುಮಾ ಏದುಸಿರು ಬಿಡುತ್ತ ಓಡಿಬಂದಳು. ಪಕ್ಕದಲ್ಲಿ ಕೂತು ಕಿವಿಗೆ ಬಾಯಿಟ್ಟಳು. "ಬಂತೇ! ಅಪ್ಪ ಹಾಕಿ ನೋಡ್ತಿದಾರೆ, ನಮ್ಮನೇ ಅಷ್ಟೂ ಲೈಟು ಬಂತು! ಯಾರಿಗೂ ಕರೆಂಟಿಲ್ಲ, ನಮಗೆ ಮಾತ್ರ!" ಅವಳ ಬಾಯಿಯಿಂದ ಮಾವಿನಹಣ್ಣಿನ ವಾಸನೆ ಬರುತ್ತಿತ್ತು.

ನಾನು ಮೇಲೆ ನೋಡಿದೆ. ಯಾಕೆ ನೋಡಿದೆನೋ. ನಮ್ಮ ಬಲ್ಬಿನೊಳಗಿನ ತಂತಿ ಕೆಂಪಗಾಗಿತ್ತು. ಪೂರ್ತಿ ಬೆಳಕಲ್ಲ, ಒಲೆಯಲ್ಲಿ ಆರುತ್ತಿರುವ ಕೆಂಡದಷ್ಟು.

ಅದು ಹೊತ್ತಬಾರದಿತ್ತು. ಫ್ಯೂಸು ನನ್ನ ಹತ್ತಿರ ಇತ್ತು. ನಾನು ತಲೆ ಬಗ್ಗಿಸಿ, ಮಡಿಲು ನೋಡಿ, ಎಣಿಸಿದೆ. ಒಂದು. ಎರಡು. ಮೂರು. ಮೂರೂ ಇತ್ತು. ಹಾಗಾದರೆ ಬಲ್ಬು ಹೊತ್ತಿಲ್ಲ, ನನ್ನ ಕಣ್ಣೇ ಸುಳ್ಳು ಎಂದುಕೊಂಡು ಮತ್ತೊಮ್ಮೆ ಮೇಲೆ ನೋಡಿದೆ. ಕೆಂಪಗೇ ಇತ್ತು. ಮತ್ತೊಮ್ಮೆ ಎಣಿಸಿದೆ.

ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಎರಡು ಸಲ ಎಣಿಸಿದೆ.

ಎರಡನೆಯ ಸಲ ಮೂರು ಎನ್ನುವಷ್ಟರಲ್ಲಿ ರಸ್ತೆಯಿಂದ ನಗು ಕೇಳಿಸಿತು. "ನೋಡ್ರೋ, ಡೀಕನ ಚಡ್ಡಿಗೂ ಚಗಳಿ ಹೊಕ್ತು!" ಕಂಬದ ಮೇಲೆ ಅವನು ನಡುಗುತ್ತಿದ್ದ. ಕಾಲು ಅಡ್ಡಪಟ್ಟಿಯ ಮೇಲೆ ಕುಣಿಯುತ್ತಿತ್ತು, ಬಲಗೈ ತಂತಿಯ ಮೇಲೆ ಮುಚ್ಚಿಕೊಂಡಿತ್ತು. ಬೆಳಗಿನಿಂದ ಚಗಳಿ ಕಡಿದವರೆಲ್ಲ ಕುಣಿದದ್ದು ಹಾಗೇ. ಇನ್ನೊಬ್ಬ ಶಿಳ್ಳೆ ಹೊಡೆದ. ಡೀಕಣ್ಣ ಕೂಗಲಿಲ್ಲ. ಕೂಗಲು ಬಾಯಿ ಬಿಡಲಾಗುವುದಿಲ್ಲವೆಂದು ನನಗೆ ಆಮೇಲೆ ಗೊತ್ತಾದದ್ದು.

ಮೊದಲು ತಿಳಿದದ್ದು ಹಸನಬ್ಬ ಸಾಬ್ರಿಗೆ. "ನಗಾಡ್ಬೇಡಿ! ಅಲ್ಲಾ, ಅವ್ನಿಗೆ ಹಿಡ್ದಿದೆ! ಕಂಬ ಮುಟ್ಬೇಡಿ ಯಾರೂ!"

ಎಲ್ಲರೂ ಕಂಬದ ಕಡೆ ಓಡಬಹುದಿತ್ತು. ಓಡಿದ್ದು ನನ್ನ ಕಡೆ. ಅನಂತಯ್ಯನವರು ಛತ್ರಿ ಎಸೆದು ಬಂದು, ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಯಾರಿಗೆ ಕೊಟ್ಯೇ? ಫ್ಯೂಸ್ ಯಾರು ಹಾಕಿದ್ದು?"

ನಾನು ಮಡಿಲು ಬಿಡಿಸಿ ತೋರಿಸಿದೆ. ಅವರ ಮುಖ ನೋಡಬೇಕಿತ್ತು. ಮೂರು ಬಿಳಿ ಫ್ಯೂಸು ನನ್ನ ಲಂಗದಲ್ಲಿ, ತಲೆಯ ಮೇಲೆ ಕೆಂಪು ಬಲ್ಬು, ಎದುರಿಗೆ ಕಂಬದಲ್ಲಿ ಅವನು. ಅಷ್ಟೂ ಜನ ಆ ಮೂರು ಪಿಂಗಾಣಿಗಳನ್ನು ನೋಡುತ್ತ ನಿಂತರು. ದೇವರ ಎದುರು ನಿಂತ ಹಾಗೆ. ಆಗ ಕೂಗಿದೆ.

"ಹೆಗ್ಡೇರ ಮಿಲ್ಲು! ಜನರೇಟರು! ಜನರೇಟರು ಹಾಕಿದಾರೆ!"

ಸುಮಾ ನನ್ನ ಮುಖ ನೋಡಿದಳು, ಆಣೆ ಮುರಿದವಳನ್ನು ನೋಡುವ ಹಾಗೆ, ಒಂದೇ ಒಂದು ಕ್ಷಣ. ಆಮೇಲೆ ಎದ್ದು ಓಡಿದಳು. ಅವಳು ಹಾಗೆ ಓಡಿದ್ದನ್ನು ಮುಂದೆಂದೂ ನೋಡಲಿಲ್ಲ. ಚಪ್ಪಲಿ ಇಲ್ಲ, ಲಂಗ ಮೊಣಕಾಲಿನ ಮೇಲೆ, "ಅಪ್ಪಾ ನಿಲ್ಸಿ, ಅಪ್ಪಾ ನಿಲ್ಸಿ" ಎಂದು ಕೂಗುತ್ತ.

ಹಸನಬ್ಬ ಸಾಬ್ರು ಅಷ್ಟರಲ್ಲಿ ತಮ್ಮ ಅಂಗಡಿಯ ಹಿಂದಿನಿಂದ ಮಾವಿನಕಾಯಿ ಕೀಳುವ ದೋಟಿ ತಂದಿದ್ದರು. ಒಣಗಿದ ಉದ್ದದ ಬಿದಿರು. ಕಂಬದ ಕೆಳಗೆ ನಿಂತು ಡೀಕಣ್ಣನ ಮಣಿಕಟ್ಟಿಗೆ ಬೀಸಿದರು. ಒಂದು ಸಲ. ಇನ್ನೊಂದು. ಬಿದಿರು ಮೂಳೆಗೆ ತಾಗಿದ ಸದ್ದು ಹೋಟ್ಲಿನ ತನಕ ಬಂತು. ಮತ್ತೊಂದು ಏಟಿಗೆ ಕೈ ಬಿಟ್ಟಿತು, ಅವನು ಹಿಂದಕ್ಕೆ ಬಾಗಿ ಸೊಂಟದ ಹಗ್ಗದಲ್ಲಿ ನೇತಾಡಿದ. ಡುಗುಡುಗು ನಿಂತದ್ದೂ ಆಗಲೇ. ಯಾವುದು ಮೊದಲು, ಬಿದಿರೋ ಸುಮಾಳ ಓಟವೋ ಎಂದು ಊರಿನಲ್ಲಿ ವರ್ಷಗಟ್ಟಲೆ ವಾದವಾಯಿತು. ನಾನು ಬಲ್ಬು ನೋಡುತ್ತಿದ್ದೆ. ಅದು ಆರಿತು ಎಂಬುದಷ್ಟೇ ನನಗೆ ಗೊತ್ತು.

ನಾನು ಎದ್ದಿರಲಿಲ್ಲ. ಅಷ್ಟೆಲ್ಲ ಆಗುವಾಗ ಕೂತೇ ಇದ್ದೆ. ಕಿತ್ತವನು ಬಂದು ತಗೊಳ್ಳುವವರೆಗೆ ಏಳಬಾರದಲ್ಲ.

ಏಣಿ ಹತ್ತಿ ಇಳಿಸಿದರು. ಉಸಿರಿತ್ತು. ಬಟ್ಟೆ ಸುಟ್ಟ ವಾಸನೆಯ ಜೊತೆ ಇನ್ನೊಂದು ವಾಸನೆಯೂ ಬಂತು. ಅಮ್ಮ ಸೆರಗಿನಿಂದ ನನ್ನ ಮುಖ ಮುಚ್ಚಿದಳು. ಹೆಗ್ಡೇರು ತಾವೇ ಜೀಪು ತಂದರು. ಮುಖದಲ್ಲಿ ರಕ್ತವಿರಲಿಲ್ಲ. "ಮೇನ್ ಸ್ವಿಚ್ಚು ತೆಗೀಬೇಕು ಅಂತ ನಂಗೆ ಗೊತ್ತಿರ್ಲಿಲ್ಲ ಮಾರಾಯ್ರೆ, ಅದರ ಕರೆಂಟು ಮನೆ ಒಳಗೇ ಇರ್ತದೆ ಅಂದ್ಕೊಂಡೆ" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಯಾರೂ ಬಯ್ಯಲಿಲ್ಲ. ಬಯ್ಯುವುದಕ್ಕಿಂತ ಅದು ಕೆಟ್ಟದಾಗಿತ್ತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಸನಬ್ಬ ಸಾಬ್ರು ಹಿಂದೆ ಕೂತರು. ಜೀಪು ಕೊಪ್ಪಕ್ಕೆ ಹೋಯಿತು.

ಸಂಜೆ ಅನಂತಯ್ಯನವರು ಮೆತ್ತಗೆ ಬಂದರು. "ಕೊಡು ಮಗಾ, ಹಾಕಿ ಬಿಡ್ತೇನೆ. ಊರು ಕತ್ತಲಾಗ್ತದೆ."

ನಾನು ತಲೆ ಅಲ್ಲಾಡಿಸಿದೆ.

"ಸಂಘದ ಆಸ್ತಿ ಅದು, ನಾನು ಕಾರ್ಯದರ್ಶಿ."

"ರಾಜ ಬಂದ್ರೂ ಕೊಡ್ಬಾರ್ದು" ಎಂದೆ. ಅವರು ಅಮ್ಮನ ಮುಖ ನೋಡಿದರು. ಅಮ್ಮ ಲೋಟ ತೊಳೆಯುತ್ತಲೇ, "ಸಂಘ ಮಾಡಿದ ಕಟ್ಟಳೆ ತಾನೇ ಅಯ್ಯ, ಅವಳೊಬ್ಬಳಾದ್ರೂ ನಡೆಸ್ಲಿ ಬಿಡಿ" ಎಂದಳು.

ಬೇರೆ ಫ್ಯೂಸು ತರಿಸಬಹುದಿತ್ತು. ಸಂಘದ ಉಗ್ರಾಣ ಇದ್ದದ್ದು ಅಡ್ಡಗದ್ದೆಯ ಕಡೆ, ಅಂಥ ದೂರವೇನಲ್ಲ. ಯಾರೂ ಹೋಗಲಿಲ್ಲ. ಊರಿಗೂ ಆ ದೀಪ ಬೇಕೆನಿಸಿರಲಿಲ್ಲವೋ ಏನೋ. ನಾಲ್ಕು ದಿನ ಸುಳಿಗದ್ದೆ ಚಿಮಣಿ ಬುಡ್ಡಿಯಲ್ಲೇ ಕಳೆಯಿತು. ಹೆಗ್ಡೇರ ಮನೆ ಮದುವೆ ಬಾಡಿಗೆಯ ಗ್ಯಾಸ್‌ಲೈಟಿನಲ್ಲಿ ನಡೆಯಿತು. ಜನರೇಟರು ಗೋಣಿಯೊಳಗೇ ಇತ್ತು. ಫ್ಯೂಸುಗಳನ್ನು ಅಮ್ಮನ ಹಳೆಸೀರೆಯ ತುಂಡಿನಲ್ಲಿ ಸುತ್ತಿ ನಾನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೆ. ಅವು ತಣ್ಣಗಾಗಿದ್ದವು.

ಐದನೆಯ ದಿನ ಅಮ್ಮ ಹೋಟ್ಲು ಮುಚ್ಚಿ ನನ್ನನ್ನು ಕರೆದುಕೊಂಡು ಕೊಪ್ಪದ ಬೆಳಗಿನ ಬಸ್ಸು ಹತ್ತಿದಳು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನನ್ನು ಕಂಡು ಕಂಡಕ್ಟರು, "ಎಂತದೇ ಕೂಸೆ, ತಿಂಡಿಯಾ? ನಂಗೊಂದು ಕೊಡು" ಎಂದ.

"ಊರಿನ ಕರೆಂಟು ಮಾರಾಯ, ತಿಂದ್ರೆ ಹಲ್ಲು ಹೋಗ್ತದೆ" ಎಂದಳು ಅಮ್ಮ. ಅವಳು ನಕ್ಕದ್ದು ನಾಲ್ಕು ದಿನಗಳಲ್ಲಿ ಅದೇ ಮೊದಲು. ನಾರ್ವೆ ದಾಟುವಷ್ಟರಲ್ಲಿ ಅಳುತ್ತಿದ್ದಳು.

ಆಸ್ಪತ್ರೆಯಲ್ಲಿ ಡೀಕಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮೈ ಚಿಕ್ಕದಾದಂತೆ ಕಂಡಿತು. ಬಲಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿದ್ದರು. ಕೊನೆಯಲ್ಲಿ ಅದು ಇರಬೇಕಾದಷ್ಟು ಅಗಲ ಇರಲಿಲ್ಲ. ನಾನು ಅದನ್ನು ನೋಡದೆ ಗಂಟು ಬಿಚ್ಚಿ ಹಾಸಿಗೆಯ ಮೇಲಿಟ್ಟೆ.

ಅವನು ಈ ಕಡೆ ಹೊರಳಿ ನೋಡಿದ. ಆಮೇಲೆ ಒಣಗಿದ ತುಟಿಯಿಂದ, "ಎಣಿಸು" ಎಂದ.

"ಒಂದು, ಎರಡು, ಮೂರು."

ಎಡಗೈ ಎತ್ತಿ ಒಂದೊಂದನ್ನೇ ಮುಟ್ಟಿದ. "ತಗೊಂಡೆ" ಎಂದ. "ನಿನ್ನ ಕೆಲ್ಸ ಮುಗೀತು. ಇನ್ನು ಅಯ್ಯನ ಕೈಗೆ ಕೊಡು, ನಾನೇ ಹೇಳ್ದೆ ಅನ್ನು." ಮತ್ತೆ, "ಮೂರೂ ಇತ್ತಲ್ಲ ಕೂಸೆ. ನಿಂದೆಂತ ತಪ್ಪಿಲ್ಲ" ಎಂದ.

ಆಗ ಹೇಳಬೇಕಿತ್ತು. ಗುಟ್ಟು ನನಗೆ ಗೊತ್ತಿದ್ದುದು ಊರಿಗೆಲ್ಲ ತಿಳಿದಿತ್ತು, ಅವನಿಗೂ ತಿಳಿದಿತ್ತು. ಆದರೆ ಬಲ್ಬು ಹೊತ್ತಿದ್ದನ್ನು ಕಂಡೂ ಕೂಗದೆ ಎರಡು ಸಲ ಎಣಿಸಿದ್ದು ನನ್ನೊಬ್ಬಳದೇ. ಬಾಯಿ ತೆರೆದೆ. ಅಮ್ಮ ತಂದಿದ್ದ ಗಂಜಿಯನ್ನು ಎಡಗೈಯಲ್ಲಿ ಕುಡಿಯಲು ಹೋಗಿ ಅವನು ಎದೆಯ ಮೇಲೆ ಚೆಲ್ಲಿಕೊಂಡ. ಅಮ್ಮ ಒರೆಸಿದಳು. ನಾನು ಬಾಯಿ ಮುಚ್ಚಿಕೊಂಡೆ.

ಅವನು ಬದುಕಿದ. ಹೆಬ್ಬೆರಳೂ ತೋರುಬೆರಳೂ ಹೋಗಿದ್ದವು. ಸಂಘ ಅವನನ್ನು ಉಗ್ರಾಣದ ಕಾವಲಿಗೆ ಹಾಕಿತು. ಹೆಗ್ಡೇರು ನಿರ್ದೇಶಕ ಸ್ಥಾನ ಬಿಟ್ಟರು. ಬಿಡಿ ಎಂದು ಯಾರೂ ಕೇಳಿರಲಿಲ್ಲ. ಮುಂದೆ ಡೀಕಣ್ಣನ ಮನೆಗೆ ಅಕ್ಕಿ ಕಳಿಸುತ್ತಿದ್ದರೆಂದು ಹೇಳುತ್ತಾರೆ. ಸುಮಾಳನ್ನು ಓದಿಗೆಂದು ಚಿಕ್ಕಮಗಳೂರಿನ ನೆಂಟರ ಮನೆಯಲ್ಲಿ ಬಿಟ್ಟರು. ಹೋಗುವ ಹಿಂದಿನ ದಿನ ಅವಳು ಜಗಲಿಗೆ ಬಂದು ಐದು ಕಲ್ಲುಗಳನ್ನು ಇಟ್ಟು ಹೋದಳು. ಲೈನು ಸವರುವ ದಿನ ಮುಂದಿನ ವರ್ಷವೂ ಬಂತು. ಹೊಸ ಲೈನ್‌ಮನ್ ಫ್ಯೂಸು ಕಿತ್ತು ತಂದಾಗ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೇರೆ ಯಾರು ಕೂತರೋ ಕೇಳಲಿಲ್ಲ.

ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುವಾಗ ಒಂದು ದಿನ ಪ್ರಯೋಗಾಲಯದಲ್ಲಿ ಮೇಷ್ಟ್ರು ಎರಡು ಬ್ಯಾಟರಿ, ಒಂದು ಬಲ್ಬು ಇಟ್ಟುಕೊಂಡು ಪಾಠ ಮಾಡುತ್ತಿದ್ದರು. ತಂತಿಗೆ ತಲೆ ಯಾವುದು ಬಾಲ ಯಾವುದು ಎಂದು ಗೊತ್ತಿರುವುದಿಲ್ಲ, ಯಾವ ಕಡೆಯಿಂದ ಕೊಟ್ಟರೂ ಒಯ್ಯುತ್ತದೆ ಎಂದರು. ಬಲ್ಬು ಕೆಂಪಗಾಯಿತು. ನಾನು ಹೊರಗೆ ಬಂದು ನಲ್ಲಿಯ ಕೆಳಗೆ ತಲೆ ಒಡ್ಡಿ ನಿಂತೆ. ಹತ್ತು ವರ್ಷದವಳಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ, ಸರಿ. ಅನಂತಯ್ಯನವರಿಗೂ ಹೊಳೆದಿರಲಿಲ್ಲ. ಹೀಗೆ ನನಗೆ ನಾನೇ ಎಷ್ಟು ಸಲ ಪಾಠ ಮಾಡಿಕೊಂಡಿದ್ದೇನೆ. ಓದಿನಿಂದ ಕಾರಣ ತಿಳಿಯಿತು. ಆ ಮಧ್ಯಾಹ್ನ ಒಂದು ಚೂರೂ ಅಲುಗಲಿಲ್ಲ.

ಸಂಘ ಈಗಿಲ್ಲ. ಹೇಗೆ ಮುಗಿಯಿತು ಎಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಒಂದು ಮಳೆಗಾಲದ ಹೊತ್ತಿಗೆ ಕಂಬಗಳ ಮೇಲೆ ಬೇರೆ ಸಂಖ್ಯೆಗಳು ಬಂದವು, ಅಷ್ಟೇ. ಡೀಕಣ್ಣ ಹೋಗಿ ಬಹಳ ಕಾಲವಾಯಿತು. ಹಸನಬ್ಬ ಸಾಬ್ರ ಅಂಗಡಿ ಇದ್ದಲ್ಲಿ ಬಸ್ ತಂಗುದಾಣವಿದೆ. ಆ ಕಾಲ ಚೆಂದವಿತ್ತು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಆ ಕಾಲದ ಭರವಸೆಯೇ ಡೀಕಣ್ಣನ ಕೈ ತಿಂದದ್ದು. ಒಂದು ಮಗುವಿನ ಮಡಿಲು ನೋಡಿ ಅವನು ಸರಪಳಿ ಬಿಟ್ಟ. ಆದರೂ ಮೇಲೆ ಹತ್ತುವವನಿಗೆ ಕೆಳಗೆ ಕೂತವರ ಹೆಸರು ಗೊತ್ತಿತ್ತು. ಕೆಳಗೆ ಕೂತವರು ಏಳುತ್ತಿರಲಿಲ್ಲ. ಅದು ಈಗ ಎಲ್ಲಿಯೂ ಇಲ್ಲ.

ನರಸಿಂಹರಾಜಪುರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಟ್ಟು ಈಗ ನಿವೃತ್ತಳಾಗಿದ್ದೇನೆ. ಪೇಟೆಯಲ್ಲಿ ಕರೆಂಟು ಹೋದೊಡನೆ ಅಂಗಡಿಗಳ ಮುಂದೆ ಡುಗುಡುಗು ಶುರುವಾಗುತ್ತದೆ. ಮೊದಲೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಈಗ ದಣಿವು, ಕೇಳಿಸಿಕೊಳ್ಳುತ್ತೇನೆ.

ಮೊನ್ನೆ ನಮ್ಮ ಬೀದಿಯ ಕಂಬಕ್ಕೆ ಒಬ್ಬ ಹುಡುಗ ಹತ್ತುತ್ತಿದ್ದ. ಪೇಟೆಯ ಕಡೆಯಿಂದ ಅದೇ ಸದ್ದು ಬರುತ್ತಿತ್ತು. ಗೇಟಿನಿಂದಲೇ ಕೂಗಿ ಕೇಳಿದೆ. "ಫ್ಯೂಸು ಯಾರ ಕೈಲಿದೆ ಮಾರಾಯ?"

ಅವನು ನಕ್ಕ. "ಯಾರ ಕೈಲೂ ಇಲ್ಲ ಮೇಡಂ. ಈಗೆಲ್ಲ ಫೋನಲ್ಲೇ. ಆಫ್ ಮಾಡಿದೀವಿ ಅಂದಿದಾರೆ."

"ಯಾರು?"

"ಯಾರೋ. ಸಬ್‌ಸ್ಟೇಷನ್ನಲ್ಲಿರೋರು."

ಹತ್ತಿದ. ಒಳಗೆ ಕಾಫಿ ಕುದಿಯುತ್ತಿತ್ತು. ಉಕ್ಕಿದರೆ ಉಕ್ಕಲಿ ಎಂದು ಬಿಟ್ಟೆ. ವರಾಂಡದ ಬಲ್ಬಿನ ಸ್ವಿಚ್ಚು ಹಾಕಿ, ಅದರ ಕೆಳಗೆ ಕುರ್ಚಿ ಎಳೆದು ಕೂತೆ. ಅವನು ಇಳಿಯುವವರೆಗೂ ಬಲ್ಬಿನಿಂದ ಕಣ್ಣು ಕೀಳಲಿಲ್ಲ. ಇನ್ನೊಮ್ಮೆ ಅದು ಕೆಂಪಗಾದರೆ ಎಣಿಸಬಾರದು. ಕೂಗಬೇಕು.